ಸಂತೆಯ ವಿಡಿಯೊದಲ್ಲಿ ಕುರಿ ಕಾಣುತ್ತದೆ, ವ್ಯಾಪಾರ ಕಾಣುವುದಿಲ್ಲ

ಯೂಟ್ಯೂಬಿನಲ್ಲಿ ‘ಅಮೀನಗಡ ಕುರಿ ಸಂತೆ’ ಎಂದು ಹುಡುಕಿದರೆ ಸಾಲುಸಾಲು ವಿಡಿಯೊಗಳು ಬರುತ್ತವೆ. ಬಹುತೇಕ ಎಲ್ಲವೂ ಒಂದೇ ಅಚ್ಚಿನವು. ಮೊದಲಿಗೆ ಸಂತೆ ಬಯಲಿನ ಒಂದು ನೋಟ. ಒಂದೇ ಹಗ್ಗಕ್ಕೆ ಕೊರಳು ಕಟ್ಟಿಸಿಕೊಂಡು ಎದುರುಬದುರು ನಿಂತ ಮರಿಗಳು, ಟಂಟಂನಿಂದ ಇಳಿಯುತ್ತಿರುವ ಹೋತಗಳು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಲ್ಲಾಳಿಗಳು. ಆಮೇಲೆ ಮೊಬೈಲ್ ಹಿಡಿದ ಹುಡುಗ ಒಬ್ಬ ಕುರಿಗಾರನ ಮುಂದೆ ನಿಂತು ಕೇಳುತ್ತಾನೆ: ‘ಅಣ್ಣಾರ, ಜೋಡಿ ಎಷ್ಟ್ ಹೇಳ್ತೀರಿ?’ ಆತ ಒಂದು ಅಂಕಿ ಹೇಳುತ್ತಾನೆ. ‘ಕೊಡೂದು?’ ‘ಗಿರಾಕಿ ಬರ್ಲಿ, ನೋಡೂಣು.’ ಮೊಬೈಲ್ ಮುಂದಿನ ಹಗ್ಗದ ಕಡೆ ಹೊರಳುತ್ತದೆ. ಹೀಗೆ ಹತ್ತಿಪ್ಪತ್ತು ನಿಮಿಷ. ಮುಖಪುಟದ ಚಿತ್ರದಲ್ಲಿ ದೊಡ್ಡ ಕೊಂಬಿನ ಟಗರು, ಅದರ ಪಕ್ಕ ಕೆಂಪು ಬಾಣ, ಬಾಣದ ತುದಿಗೆ ದಪ್ಪಕ್ಷರದ ಬೆಲೆ.

ಕಾದಂಬರಿ, ಸಿನಿಮಾ, ನಾಟಕಗಳನ್ನು ಒರೆಗೆ ಹಚ್ಚುವ ನಾವು ಈ ವಿಡಿಯೊಗಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ಆದರೆ ಕುರಿ ಸಾಕಬೇಕೆಂದು ಹೊರಟ ಹುಡುಗ ಇವತ್ತು ಮೊದಲು ತೆರೆಯುವ ಪಠ್ಯ ಇದೇ. ಅವನ ಪಾಲಿಗೆ ಪಶುವೈದ್ಯ ಇಲಾಖೆಯ ಕೈಪಿಡಿ ಆಮೇಲೆ, ಊರಿನ ಹಿರಿಯ ಕುರುಬರ ಮಾತು ಅದಕ್ಕೂ ಆಮೇಲೆ. ದುಡ್ಡು ಹಾಕುವ ಮುನ್ನ ಜನ ನಂಬುವ ಮಾತು ಯಾವುದೇ ಇರಲಿ, ಅದನ್ನು ಗಟ್ಟಿಯಾಗಿ ಪರೀಕ್ಷಿಸಬೇಕು. ಈ ವಿಡಿಯೊಗಳಿಗೆ ಸಲ್ಲಬೇಕಾದ ಮೆಚ್ಚುಗೆ ದೊಡ್ಡದಿದೆ. ಅವುಗಳ ಮೇಲಿನ ನನ್ನ ಆಕ್ಷೇಪವೂ ಅಷ್ಟೇ ದೊಡ್ಡದು.

ಹೊರಗಿನವರಿಗೆ ಅಮೀನಗಡ ಕರದಂಟಿನ ಊರು. ರಾಯಚೂರು–ಬೆಳಗಾವಿ ರಸ್ತೆ ಹಿಡಿದು ಹೋಗುವವರು ಇಲ್ಲಿ ಗಾಡಿ ನಿಲ್ಲಿಸಿ ಡಬ್ಬಿ ಕಟ್ಟಿಸಿಕೊಂಡೇ ಮುಂದೆ ಹೋಗುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಅದು ಶನಿವಾರದ ಊರು. ಹುನಗುಂದ, ಬಾದಾಮಿ, ಇಳಕಲ್ ಕಡೆಯ ಹಳ್ಳಿಗಳಿಂದಲೂ ಕೃಷ್ಣೆ, ಮಲಪ್ರಭೆಯ ದಂಡೆಗಳಿಂದಲೂ ಕುರಿಗಳು ಇಲ್ಲಿಗೆ ಬರುತ್ತವೆ. ಎತ್ತರದ ಯಳಗ, ಕೆಂಪು ಮೈಯ ಕೆಂಗುರಿ, ಕಂಬಳಿಯ ಉಣ್ಣೆ ಕೊಡುವ ಡೆಕ್ಕನಿ ಮೂರನ್ನೂ ಒಂದೇ ಬಯಲಿನಲ್ಲಿ ನೋಡಬಹುದು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ. ಇಷ್ಟು ದೊಡ್ಡ ಸಂಪತ್ತಿನ ಬೆಲೆ ತೀರ್ಮಾನವಾಗುವುದು ಇಂಥ ಬಯಲುಗಳಲ್ಲಿ, ಬೆಳಗಿನ ಕೆಲವೇ ತಾಸುಗಳಲ್ಲಿ.

ಮೊದಲು ಮೆಚ್ಚುಗೆಯ ಮಾತು. ಕನ್ನಡದ ಪರದೆಯ ಮೇಲೆ ಕುರಿಗಾರ ಕಾಣಿಸಿಕೊಂಡಿದ್ದು ಬಹುತೇಕ ಡೊಳ್ಳು ಬಾರಿಸುವವನಾಗಿ, ಕಂಬಳಿ ಹೊದ್ದ ಜಾನಪದ ಚಿತ್ರವಾಗಿ, ಇಲ್ಲವೆ ಯೋಜನೆಯ ಫಲಾನುಭವಿಯಾಗಿ. ತನ್ನ ಕಸುಬಿನ ಬಗ್ಗೆ ತಾನೇ ಮಾತಾಡುವ ಅವಕಾಶ ಅವನಿಗೆ ಸಿಕ್ಕಿದ್ದು ಕಡಿಮೆ. ಸಂತೆ ವಿಡಿಯೊಗಳಲ್ಲಿ ಅವನು ನೆಟ್ಟಗೆ ಕ್ಯಾಮೆರಾ ನೋಡಿ, ‘ಇದು ನಮ್ಮ ಹಿಂಡಿನಾಗ ಹುಟ್ಟಿದ ಟಗರು, ತಂದು ಕಟ್ಟಿದ್ದಲ್ರಿ’ ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಆ ಮಾತಿನಲ್ಲಿ ಹಮ್ಮಿದೆ, ಲೆಕ್ಕಾಚಾರವಿದೆ, ಎದುರಿಗಿದ್ದವನನ್ನು ಅಳೆಯುವ ಚುರುಕಿದೆ. ಪಕ್ಕದ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಗಿ ನಾಡೆಲ್ಲ ಓಡಿತು. ಹಾಗಿದ್ದರೂ ಈ ಸೀಮೆಯ ಆಡುಮಾತಿಗೆ ಸಿನಿಮಾದಲ್ಲಿ ಮುಂದೆಯೂ ಸಿಕ್ಕಿದ್ದು ಹೆಚ್ಚಾಗಿ ನಗಿಸುವ ಪಾತ್ರವೇ. ಈ ವಿಡಿಯೊಗಳಲ್ಲಿ ಅದೇ ಮಾತು ಯಾರನ್ನೂ ನಗಿಸಲು ನಿಂತಿಲ್ಲ. ದುಡಿಮೆಯ ಭಾಷೆಯಾಗಿ ತನ್ನ ಪೂರ್ತಿ ಗತ್ತಿನಲ್ಲಿ ನಿಂತಿದೆ. ಮುಂದೊಂದು ದಿನ ಈ ಪ್ರದೇಶದ ಮಾತನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಸಮೃದ್ಧವಾದ ಸಂಗ್ರಹ ಸಿಗಲಾರದು.

ಇವನ್ನು ಮಾಡುತ್ತಿರುವವರಲ್ಲಿ ಬಹಳಷ್ಟು ಮಂದಿ ಇದೇ ಹಳ್ಳಿಗಳ ಹುಡುಗರು ಎಂಬುದೂ ಸಣ್ಣ ಮಾತಲ್ಲ. 2016ರ ನಂತರ ಡೇಟಾ ಅಗ್ಗವಾಯಿತು. 2020 ಮತ್ತು 2021ರ ಲಾಕ್‌ಡೌನ್‌ಗಳಲ್ಲಿ ವಾರದ ಸಂತೆಗಳು ನಿಂತಾಗ ಮರಿ ಮಾರಲು ಮೊಬೈಲ್ ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ. ಹಟ್ಟಿಯಲ್ಲೇ ನಿಂತು ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ರೂಢಿ ಆಗ ಬೇರೂರಿತು. ಸಂತೆ ಮತ್ತೆ ಶುರುವಾದಾಗ ಅದೇ ಮೊಬೈಲ್ ಸಂತೆಯೊಳಗೂ ಬಂತು. ಯಾವ ಸಂಸ್ಥೆಯ ನೆರವೂ ಇಲ್ಲದೆ, ಯಾರೂ ಕಲಿಸದೆ ಈ ಹುಡುಗರು ಒಂದು ಪ್ರಕಾರವನ್ನೇ ಕಟ್ಟಿದ್ದಾರೆ. ಅದಕ್ಕೆ ಗೌರವ ಸಲ್ಲಬೇಕು.

ಇನ್ನು ಆಕ್ಷೇಪ. ಈ ವಿಡಿಯೊಗಳು ತಮ್ಮನ್ನು ತಾವು ಕರೆದುಕೊಳ್ಳುವುದು ‘ಇವತ್ತಿನ ರೇಟು’ ಎಂದು. ಅವು ತೋರಿಸುವುದು ಹೇಳುವ ರೇಟನ್ನು. ಸಂತೆಯಲ್ಲಿ ಒಮ್ಮೆಯಾದರೂ ಮರಿ ಕೊಂಡವರಿಗೆ ಹೇಳುವ ರೇಟಿಗೂ ಕೊಡುವ ರೇಟಿಗೂ ಇರುವ ಅಂತರ ಗೊತ್ತು. ಉದಾಹರಣೆಗೆ, ಜೋಡಿಗೆ 24 ಸಾವಿರ ಎಂದು ಹೇಳಿದವನು 17 ಸಾವಿರಕ್ಕೆ ಬಿಟ್ಟರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹೇಳುವ ಅಂಕಿ ಮಾತುಕತೆಯ ಬಾಗಿಲು ಮಾತ್ರ. ಎದುರಿನವನು ಅಳುಕದೆ ಕೆಳಗಿನಿಂದ ಶುರುಮಾಡಲಿ ಎಂದು ಇವನು ಮೇಲಿನಿಂದ ಶುರುಮಾಡುತ್ತಾನೆ. ಎದುರಿಗಿರುವವನು ಕೊಳ್ಳುವವನಲ್ಲ, ಮೊಬೈಲ್ ಹಿಡಿದವನು ಎಂದಾಗ ಆ ಅಂಕಿಗೆ ಇರುವ ಅಷ್ಟಿಷ್ಟು ಕಡಿವಾಣವೂ ಹೋಗುತ್ತದೆ. ಕ್ಯಾಮೆರಾದವನ ಜೊತೆ ಚೌಕಾಶಿ ಇಲ್ಲ. ಕಡಿಮೆ ಹೇಳಿದರೆ ಅದನ್ನು ನೋಡಿದ ಗಿರಾಕಿ ಇನ್ನೂ ಕೆಳಗೆ ಎಳೆಯುತ್ತಾನೆಂಬ ಭಯ ಬೇರೆ. ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಿರುತ್ತಾರೆ, ಅವರೆದುರು ತನ್ನ ಟಗರಿನ ಘನತೆಯನ್ನೂ ಕಾಯಬೇಕು. ಹೀಗಾಗಿ ಅಂಕಿ ಮೇಲೇರುತ್ತದೆ, ಹಾಗೇ ದಾಖಲಾಗುತ್ತದೆ.

ದಾಖಲಾದ ಮೇಲೆ ಅದು ಸುಮ್ಮನೆ ಕೂರುವುದಿಲ್ಲ. ಮುಂದಿನ ಶನಿವಾರ ಮೂರು ಮರಿ ಹಿಡಿದು ಬಂದ ಸಣ್ಣ ಕುರಿಗಾರ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ನಿಲ್ಲುತ್ತಾನೆ. ಮಧ್ಯಾಹ್ನದ ತನಕ ಯಾರಿಗೂ ಕೊಡುವುದಿಲ್ಲ. ಬಿಸಿಲೇರಿ ದೊಡ್ಡ ವ್ಯಾಪಾರಿಗಳ ಗಾಡಿಗಳು ತುಂಬಿ ಹೊರಟ ಮೇಲೆ, ಮರಿಗಳನ್ನು ಮತ್ತೆ ಊರಿಗೆ ಒಯ್ಯುವ ಬಾಡಿಗೆ ನೆನಪಾಗಿ, ಬೆಳಿಗ್ಗೆ ಬೇಡವೆಂದ ಬೆಲೆಗಿಂತ ಕಡಿಮೆಗೆ ಬಿಟ್ಟುಹೋಗುತ್ತಾನೆ. ಇತ್ತ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಮೊದಲ ಸಲ ಬಂದವನು ವಿಡಿಯೊದ ಅಂಕಿಗಿಂತ ಎರಡು ಸಾವಿರ ಇಳಿಸಿದೆನೆಂದು ಖುಷಿಯಾಗಿ ಹೋಗುತ್ತಾನೆ, ತಾನು ಕೊಟ್ಟಿದ್ದು ಆ ದಿನದ ನಿಜವಾದ ಬೆಲೆಗಿಂತ ಮೂರು ಸಾವಿರ ಹೆಚ್ಚು ಎಂಬುದು ತಿಳಿಯದೆ. ಹೇಳಿದ ರೇಟನ್ನು ರೇಟು ಎಂದು ಸಾರಿದ್ದರ ನಷ್ಟ ಇಬ್ಬರಿಗೂ ತಟ್ಟುತ್ತದೆ. ನಡುವೆ ನಿಂತ ದಲ್ಲಾಳಿಗೆ ಮಾತ್ರ ಏನೂ ತಟ್ಟುವುದಿಲ್ಲ. ನಿಜ ಗೊತ್ತಿರುವವನು ಅವನೊಬ್ಬನೇ.

ದಲ್ಲಾಳಿಯ ಟವೆಲ್ಲಿನ ಬಗ್ಗೆ ಇಲ್ಲಿ ಹೇಳಲೇಬೇಕು. ಉತ್ತರ ಕರ್ನಾಟಕದ ದನ, ಕುರಿ ಸಂತೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡದೆ ಬಟ್ಟೆಯ ಮರೆಯಲ್ಲಿ ಕೈಹಿಡಿದು ಹೇಳುವ ಪದ್ಧತಿ ಹಳೆಯದು. ಟವೆಲ್ಲಿನ ಅಡಿ ದಲ್ಲಾಳಿಯ ಬೆರಳುಗಳು ಮಾರುವವನ ಬೆರಳುಗಳನ್ನು ಹಿಚುಕುತ್ತವೆ: ಇಷ್ಟು ಬೆರಳು ಎಂದರೆ ಇಷ್ಟು ಸಾವಿರ ಅಥವಾ ಇಷ್ಟು ನೂರು. ಸಾವಿರವೋ ನೂರೋ ಎಂಬುದನ್ನು ಕಣ್ಣೆದುರಿನ ಪ್ರಾಣಿಯೇ ಹೇಳುತ್ತದೆ. ಮಾರುವವನು ತಲೆ ಅಲ್ಲಾಡಿಸಿ ಇನ್ನೊಂದು ಬೆರಳು ಒತ್ತುತ್ತಾನೆ. ದಲ್ಲಾಳಿ ಅವನನ್ನು ಬಿಟ್ಟು ಕೊಳ್ಳುವವನ ಕೈ ಹಿಡಿಯುತ್ತಾನೆ. ಇದನ್ನು ನೋಡಲು ಬಲು ಚೆಂದ. ಸಂತೆಯ ಅಬ್ಬರದ ನಡುವೆ ಮಾತಿಲ್ಲದೆ ನಡೆಯುವ ಆ ಕೈಮಾತಿಗೆ ಮರುಳಾಗದವರು ಯಾರು? ಆದರೆ ಚೆಂದ ಎಂಬ ಕಾರಣಕ್ಕೆ ಅದನ್ನು ನಮ್ಮ ಸಂಸ್ಕೃತಿ ಎಂದು ಕೊಂಡಾಡುವವರ ಜೊತೆ ನಾನಿಲ್ಲ. ಎರಡೂ ಕೈಗಳ ಅಂಕಿ ಒಬ್ಬನಿಗೇ ಗೊತ್ತಿರುವ ವ್ಯವಸ್ಥೆಯಲ್ಲಿ ಆ ಎರಡು ಅಂಕಿಗಳ ನಡುವಿನ ದುಡ್ಡು ಯಾರದಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಹಗ್ಗದ ಮರಿ ಎಷ್ಟಕ್ಕೆ ಹೋಯಿತೆಂದು ಈ ಹಗ್ಗದವನಿಗೆ ತಿಳಿಯದಂತೆ ಮಾಡುವುದೇ ಆ ಬಟ್ಟೆಯ ಕೆಲಸ.

ಸಂತೆಗೆ ಮೊಬೈಲ್ ಬಂದಾಗ ಈ ಬಟ್ಟೆ ಸರಿಯುತ್ತದೆ ಎಂದು ನನ್ನಂಥವರು ಆಸೆಪಟ್ಟಿದ್ದಕ್ಕೆ ಕಾರಣವಿತ್ತು. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡ್ ಕರಾವಳಿಗೆ 1997ರಿಂದ 2001ರ ನಡುವೆ ಹಂತಹಂತವಾಗಿ ಮೊಬೈಲ್ ಸಂಪರ್ಕ ಬಂತು. ಆಗ ಬೂತಾಯಿ ಮೀನಿನ ಪೇಟೆಯಲ್ಲಿ ಏನಾಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಒಂದು ದಡದಲ್ಲಿ ಮೀನು ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದರು, ಕೆಲವೇ ಮೈಲಿ ದೂರದ ದಡದಲ್ಲಿ ಮೀನಿಲ್ಲದೆ ಜನ ಬರಿಗೈಲಿ ಹೋಗುತ್ತಿದ್ದರು. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ಕರೆಮಾಡಿ ಬೆಲೆ ಕೇಳಿ, ಹೆಚ್ಚು ಸಿಗುವ ಕಡೆ ದೋಣಿ ತಿರುಗಿಸಿದರು. ಚೆಲ್ಲುವುದು ನಿಂತಿತು, ದಡದಿಂದ ದಡಕ್ಕೆ ಬೆಲೆಯ ಏರುಪೇರು ತಗ್ಗಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಹೆಚ್ಚಿತು, ತಿನ್ನುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು.

ಅಲ್ಲಿ ನಡೆದದ್ದು ಅಮೀನಗಡದಲ್ಲಿ ಯಾಕೆ ನಡೆಯಲಿಲ್ಲ? ನನ್ನ ಮಟ್ಟಿಗೆ ಎರಡು ಕಾರಣ. ದೋಣಿಯಲ್ಲಿದ್ದವನಿಗೆ ಸಿಕ್ಕಿದ್ದು ಕೊಳ್ಳುವವನೇ ಆಡಿದ ಬೆಲೆ. ‘ಇಷ್ಟಕ್ಕೆ ತಗೋತೀನಿ, ಬಾ’ ಎಂಬ ಮಾತಿನ ಹಿಂದೆ ದುಡ್ಡಿತ್ತು. ನಮ್ಮ ವಿಡಿಯೊಗಳಲ್ಲಿ ಇರುವುದು ಮಾರುವವನ ಆಸೆ. ಎರಡನೆಯದು ಇನ್ನೂ ಮುಖ್ಯ. ಒಂದು ಬುಟ್ಟಿ ಬೂತಾಯಿಗೂ ಇನ್ನೊಂದು ಬುಟ್ಟಿ ಬೂತಾಯಿಗೂ ಹೆಚ್ಚು ವ್ಯತ್ಯಾಸವಿಲ್ಲ, ಅಂಕಿ ತಿಳಿದರೆ ಎಲ್ಲ ತಿಳಿದಂತೆ. ಕುರಿ ಹಾಗಲ್ಲ. ನೋಡಲು ಒಂದೇ ಥರದ ಎರಡು ಟಗರುಗಳ ನಡುವೆ ವಯಸ್ಸು, ಮೈ, ರೋಗ, ತಳಿಯ ಅಜಗಜಾಂತರ ಇರಬಹುದು. ಪ್ರಾಣಿಯನ್ನು ಅರಿಯದೆ ಬರಿ ಅಂಕಿ ಅರಿತರೆ ಏನೂ ಅರಿತಂತಾಗಲಿಲ್ಲ.

ಪ್ರಾಣಿಯನ್ನು ಅರಿಯುವ ಆ ವಿದ್ಯೆ ಸಂತೆಯಲ್ಲಿ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ಅನುಭವಿ ಕುರಿಗಾರ ಕೊಳ್ಳಲು ಬಂದಾಗ ಅವನ ಕೈಯನ್ನು ನೋಡಬೇಕು. ಎಡಗೈಯಿಂದ ಟಗರಿನ ಗದ್ದ ಹಿಡಿದು ಹೆಬ್ಬೆರಳಿನಿಂದ ಕೆಳತುಟಿ ಸರಿಸುತ್ತಾನೆ. ಕುರಿಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಕೆಳಗಿನ ಎಂಟೇ ಲೆಕ್ಕ. ಎಲ್ಲವೂ ಸಣ್ಣವಾಗಿ ಸಾಲಾಗಿದ್ದರೆ ಹಾಲುಹಲ್ಲು, ವರ್ಷದೊಳಗಿನ ಮರಿ. ನಡುವೆ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷದಿಂದ ಒಂದೂವರೆ ವರ್ಷ. ಎರಡು ವರ್ಷದ ಸುಮಾರಿಗೆ ನಾಲ್ಕು, ಮೂರರ ಹೊತ್ತಿಗೆ ಆರು, ನಾಲ್ಕರ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಬಕ್ರೀದ್‌ಗೆಂದು ಕೊಳ್ಳುವವರೂ ಮೊದಲು ನೋಡುವುದು ಈ ಎರಡು ಹಲ್ಲನ್ನೇ, ಆಮೇಲೆ ಕಿವಿ, ಕೊಂಬು, ಕಾಲಿನಲ್ಲಿ ಊನವಿದೆಯೇ ಎಂದು. ಬಾಯಿ ಬಿಟ್ಟ ಕೈ ಕಣ್ಣಿಗೆ ಹೋಗುತ್ತದೆ. ಕೆಳರೆಪ್ಪೆ ಎಳೆದಾಗ ಒಳಗೆ ಕೆಂಪಿದ್ದರೆ ಸರಿ. ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರಬಹುದು. ಹೆಣ್ಣು ಕುರಿಯಾದರೆ ಕೆಚ್ಚಲು ಮುಟ್ಟಿ ಗಂಟು ಇದೆಯೇ ಎಂದು ತಡಕುತ್ತಾನೆ. ಒಮ್ಮೆ ಬಾವು ಬಂದು ಗಟ್ಟಿಯಾದ ಕೆಚ್ಚಲು ಮುಂದಿನ ಮರಿಗೆ ಹಾಲು ಕೊಡುವುದಿಲ್ಲ.

ಕೊನೆಗೆ ಬೆನ್ನು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈಯೂರಿ ಬೆರಳುಗಳಿಂದ ಒತ್ತುತ್ತಾನೆ. ಬೆನ್ನುಮೂಳೆಯ ಗಿಣ್ಣುಗಳು ಚೂಪಾಗಿ ಕೈಗೆ ಸಿಕ್ಕರೆ ಪ್ರಾಣಿ ಬಡವಾಗಿದೆ. ದುಂಡಗೆ ಸಿಕ್ಕರೆ ಮೈ ಕಟ್ಟಿಕೊಂಡಿದೆ. ಮೂಳೆಯೇ ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಉಣ್ಣೆ, ಕೂದಲು ಮೇಲಿನ ನೋಟಕ್ಕೆ ಮುಚ್ಚಿಡುವುದನ್ನೆಲ್ಲ ಕೈ ಬಯಲು ಮಾಡುತ್ತದೆ. 1961ರಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಜೆಫರೀಸ್ ಎಂಬುವರು ಇದೇ ಒತ್ತುವಿಕೆಯನ್ನು ಸೊನ್ನೆಯಿಂದ ಐದರವರೆಗಿನ ಅಂಕಗಳ ಕ್ರಮವಾಗಿ ಬರೆದರು. ಇಂದು ಜಗತ್ತಿನ ಪಶುವೈದ್ಯ ಕಾಲೇಜುಗಳಲ್ಲಿ ಅದು ಪಾಠ. ನಮ್ಮ ಕುರಿಗಾರರ ಅಂಗೈಯಲ್ಲಿ ಅದು ಯಾವ ಅಂಕವೂ ಇಲ್ಲದೆ ಇದೆ. ಮೊಬೈಲ್ ಹಿಡಿದು ಅವರ ಪಕ್ಕದಲ್ಲೇ ನಿಂತವನು ಆ ಅಂಗೈಯತ್ತ ಕ್ಯಾಮೆರಾ ತಿರುಗಿಸುವುದಿಲ್ಲ. ಅದು ಕುರಿಯ ಕೊಂಬಿನ ಎತ್ತರದಲ್ಲೇ ಓಡುತ್ತದೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಕೊರತೆ. ಸಂತೆಯಲ್ಲಿ ಪುಕ್ಕಟೆ ಸಿಗುವ ವಿದ್ಯೆಯನ್ನು ಬಿಟ್ಟು, ಸಿಗಲಾರದ ಬೆಲೆಯನ್ನು ಹಿಡಿದು ತರುವುದು ಎಂಥ ದುಂದು!

ಇದರ ಫಲ ಉಣ್ಣುವವರು ಹೊಸದಾಗಿ ಕಸುಬಿಗೆ ಇಳಿದವರು. ಕೊರೊನಾ ಕಾಲದಲ್ಲಿ ಕೆಲಸ ಬಿಟ್ಟು ಊರಿಗೆ ಬಂದ ಎಷ್ಟೋ ಯುವಕರು ಶೆಡ್ ಹಾಕಿ, ಕೊಟ್ಟಿಗೆ ಪದ್ಧತಿಯಲ್ಲಿ ಕುರಿ ಸಾಕಲು ಕೈಹಾಕಿದರು. ಅವರನ್ನು ಹುರಿದುಂಬಿಸಿದ್ದು ಸಂತೆ ವಿಡಿಯೊ ಮತ್ತು ಅದರ ಒಡಹುಟ್ಟಾದ ಲಾಭದ ಲೆಕ್ಕದ ವಿಡಿಯೊ. ಇಷ್ಟು ಕುರಿ, ಒಂದು ಟಗರು, ಐದು ತಿಂಗಳ ಗಬ್ಬ, ಇಷ್ಟು ಮರಿ, ಮರಿಗೆ ಇಷ್ಟು ಬೆಲೆ: ಹಲಗೆಯ ಮೇಲೆ ಗುಣಾಕಾರ ಮುಗಿಯುವಷ್ಟರಲ್ಲಿ ಲಕ್ಷಗಳು ಬಂದಿರುತ್ತವೆ. ಆ ಗುಣಾಕಾರದಲ್ಲಿ ಮರಿಯ ಬೆಲೆಯಾಗಿ ಕೂರುವುದು ಸಂತೆ ವಿಡಿಯೊದ ಹೇಳುವ ರೇಟು. ಸಾವಿಗೆ ಅದರಲ್ಲಿ ಜಾಗವೇ ಇಲ್ಲ. ಬಯಲಿನಲ್ಲಿ ಮೇಯ್ದ ಮರಿಯನ್ನು ಕೊಂಡುತಂದು ಮರುದಿನವೇ ಮೆಕ್ಕೆಜೋಳದ ನುಚ್ಚು, ಹಿಂಡಿ ಸುರಿದರೆ ಏನಾಗುತ್ತದೆ? ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ. ಇಲ್ಲವೆ ಕರುಳಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಆ ಗಟ್ಟಿ ಮೇವಿನಲ್ಲಿ ಬೆಳೆದು ವಿಷ ಬಿಟ್ಟು ಕರುಳುಬೇನೆ ಬರುತ್ತದೆ. ಈ ಬೇನೆ ಹಿಂಡಿನ ಬಡಕಲು ಮರಿಯನ್ನು ಬಿಟ್ಟು ಎಲ್ಲಕ್ಕಿಂತ ಪುಷ್ಟವಾದುದನ್ನೇ ಮೊದಲು ಒಯ್ಯುತ್ತದೆ, ಬೆಳಗಾಗುವುದರೊಳಗೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಬೇಕು, ಹೊಸ ಮರಿಗಳನ್ನು ಕೆಲವು ವಾರ ಹಿಂಡಿನಿಂದ ದೂರ ಕಟ್ಟಬೇಕು, ಕಾಳನ್ನು ಹಿಡಿಹಿಡಿಯಾಗಿ ಏರಿಸಬೇಕು. ಹತ್ತಾರು ಹಳ್ಳಿಗಳ ಕುರಿಗಳು ಮೂತಿಗೆ ಮೂತಿ ತಾಗಿಸಿ ನಿಲ್ಲುವ ಸಂತೆಯಿಂದ ಮನೆಗೆ ಪಿಪಿಆರ್ ರೋಗವೂ ಬರಬಹುದು. 2030ರೊಳಗೆ ಅದನ್ನು ಬೇರುಸಹಿತ ಕಿತ್ತುಹಾಕುವ ಗುರಿ ದೇಶದ ಮುಂದಿದೆ. ಸಂತೆಯ ವಿಡಿಯೊಗಳಲ್ಲಿ ‘ಲಸಿಕಿ ಹಾಕ್ಸೀರೇನು?’ ಎಂಬ ಪ್ರಶ್ನೆ ಕೇಳಿಬರುವುದು ಅಪರೂಪ. ಅದನ್ನು ಕೇಳಲು ಐದು ಸೆಕೆಂಡು ಸಾಕು.

ಅವಳಿ ಮರಿ ಹಾಕುವ ತಳಿಯ ಭರಾಟೆಯನ್ನೂ ಇಲ್ಲೇ ನೋಡಬೇಕು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಗುಣವನ್ನು ಡೆಕ್ಕನಿ ಕುರಿಗೆ ತಂದು ‘ನಾರಿ ಸುವರ್ಣ’ ರೂಪಿಸಿತು. ದಶಕಗಳ ಗಟ್ಟಿ ಕೆಲಸ ಅದು. ಆ ಹೆಸರು ಈಗ ಸಂತೆ ವಿಡಿಯೊಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಆ ಗುಣ ಒಂದು ವಂಶವಾಹಿಯಲ್ಲಿದೆ. ಮರಿಯ ಮೈಬಣ್ಣ, ಕಿವಿ, ಎತ್ತರ ನೋಡಿ ಅದು ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ, ಡಿಎನ್‌ಎ ಪರೀಕ್ಷೆ ಬೇಕು. ಹಗ್ಗ ಹಿಡಿದವನು ‘ಡಬಲ್ ಮರಿ ತಳಿ ಐತ್ರಿ’ ಎಂದ ಕೂಡಲೇ ಕ್ಯಾಮೆರಾ ಹಿಡಿದವನು ತಲೆಯಾಡಿಸಿ ಮುಂದೆ ಹೋಗುವುದು ನೋಡುಗನಿಗೆ ಮಾಡುವ ಅನ್ಯಾಯ. ‘ಪರೀಕ್ಷೆ ಮಾಡ್ಸಿದ ಕಾಗದ ಐತೇನು?’ ಎಂದು ಒಮ್ಮೆ ಕೇಳಿದ್ದರೆ, ನೋಡುವ ಸಾವಿರ ಜನಕ್ಕೆ ಹೀಗೊಂದು ಪ್ರಶ್ನೆ ಕೇಳಬೇಕೆಂಬುದಾದರೂ ತಿಳಿಯುತ್ತಿತ್ತು.

ಕಾಳಗದ ಟಗರುಗಳ ವಿಡಿಯೊಗಳನ್ನು ನಾನು ಈ ಮೆಚ್ಚುಗೆಯ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಟಗರಿನ ಕೊಂಬಿನ ಚಿತ್ರ ಹಾಕಿ ಜನರನ್ನು ಸೆಳೆದು ಒಳಗೆ ಮರಿ ವ್ಯಾಪಾರ ತೋರಿಸುವುದು ಆ ವ್ಯಾಪಾರಕ್ಕೂ ಶೋಭೆಯಲ್ಲ.

ಪರದೆಯ ಮೇಲೆ ಹೆಂಗಸರು ಇಲ್ಲ ಎಂಬುದನ್ನೂ ಗಮನಿಸಬೇಕು. ಸಂತೆಯ ಬಯಲಿನಲ್ಲಿ ಗಂಡಸರದೇ ಓಡಾಟ, ನಿಜ. ಆದರೆ ಮನೆಯ ಹಿಂದೆ ಎರಡು ಆಡು, ಮೂರು ಮರಿ ಕಟ್ಟಿ ಸಾಕಿ, ಯಾವ ಮರಿಗೆ ಯಾವಾಗ ಉಬ್ಬರ ಬಂತು, ಯಾವುದು ತಾಯ ಹಾಲು ಕುಡಿಯಲಿಲ್ಲ ಎಂದು ನೆನಪಿಟ್ಟವರು ಅವರೇ. ‘ಈ ಮರಿ ಸಾಕಿದವರು ಯಾರು?’ ಎಂದು ಕೇಳಿದರೆ ವಿಡಿಯೊದ ಅರ್ಧ ಕಥೆ ಬೇರೆ ಕಡೆ ಹೋಗುತ್ತದೆ. ಹಿಂಡು ಹೊಡೆದುಕೊಂಡು ಸುಗ್ಗಿಯ ನಂತರ ಹೊಲದಿಂದ ಹೊಲಕ್ಕೆ ಹೋಗುವ, ರಾತ್ರಿ ಯಾರದೋ ಭೂಮಿಯಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಕಾಳು ಪಡೆಯುವ ಸಂಚಾರಿ ಕುರಿಗಾರರೂ ಇಲ್ಲಿ ಕಾಣುವುದು ಮಾರುವ ಅರ್ಧ ತಾಸು ಮಾತ್ರ. ಗೋಮಾಳ ಕರಗಿ, ನೀರಾವರಿ ಬಂದು, ಹೊಲಗಳು ವರ್ಷವಿಡೀ ಹಸಿರಾಗಿ ಅವರ ದಾರಿಗಳು ಮುಚ್ಚುತ್ತಿರುವುದಕ್ಕೂ ಸಂತೆಯಲ್ಲಿ ಮರಿಯ ಬೆಲೆ ಏರುತ್ತಿರುವುದಕ್ಕೂ ನೇರ ನಂಟಿದೆ. ರೇಟು ಹೇಳುವವರು ಈ ನಂಟನ್ನೂ ಹೇಳಬೇಕು.

ಹಾಗಾದರೆ ಒಳ್ಳೆಯ ಸಂತೆ ವಿಡಿಯೊ ಎಂದರೆ ಯಾವುದು? ದೂರದ ಒಂದು ಮಾದರಿ ಇದೆ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲೇ ಕಂಪ್ಯೂಟರ್ ಮೂಲಕ ಕುರಿ, ದನ ಹರಾಜು ಹಾಕುವ ಏರ್ಪಾಡು ಶುರುವಾಯಿತು. ಇವತ್ತು ಅದು ಆಕ್ಷನ್ಸ್‌ಪ್ಲಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ನೂರಾರು ಮೈಲಿ ದೂರದ ಕೊಳ್ಳುವವನು ಪ್ರಾಣಿಯನ್ನು ಮುಟ್ಟದೆ ದುಡ್ಡು ಹಾಕುತ್ತಾನೆ. ಅವನಿಗೆ ಆ ಧೈರ್ಯ ಬರುವುದು ಚಿತ್ರದಿಂದಲ್ಲ. ತರಬೇತಿ ಪಡೆದು ಮಾನ್ಯತೆ ಗಳಿಸಿದ ಪರಿಶೀಲಕನೊಬ್ಬ ಹೊಲಕ್ಕೆ ಹೋಗಿ ತೂಕ ಹಾಕಿ, ಹಲ್ಲು ನೋಡಿ, ಬೆನ್ನು ಮುಟ್ಟಿ ವರದಿ ಬರೆದಿರುತ್ತಾನೆ. ವರದಿ ತಪ್ಪಾದರೆ ಅವನು ಉತ್ತರ ಕೊಡಬೇಕು. ಅಂದರೆ ಅಲ್ಲಿ ಮೊದಲು ಕೈಯ ವಿದ್ಯೆಗೆ ಮಾನ್ಯತೆ ಸಿಕ್ಕಿತು, ಯಂತ್ರ ಅದನ್ನು ದೂರಕ್ಕೆ ಮುಟ್ಟಿಸಿತು. ಅಮೀನಗಡ, ಕೆರೂರುಗಳ ಸಂತೆಗಳಲ್ಲಿ ಅಂಥ ಅಂಗೈ ಇರುವ ಹಿರಿಯರಿಗೆ ಬರವಿಲ್ಲ. ಅವರಲ್ಲಿ ಹತ್ತು ಮಂದಿಯನ್ನು ಪರಿಶೀಲಕರೆಂದು ಗೌರವಧನ ಕೊಟ್ಟು ಕೂರಿಸಲು ಯಾವ ದೊಡ್ಡ ಯೋಜನೆಯೂ ಬೇಡ. ನಮ್ಮಲ್ಲಿ ತೊಗರಿ, ಕಡಲೆಗೆ ಎಪಿಎಂಸಿಗಳಲ್ಲಿ 2014ರಿಂದಲೇ ಏಕೀಕೃತ ಆನ್‌ಲೈನ್ ಮಾರುಕಟ್ಟೆ ಬಂತು. ಚೀಲದ ಬೆಲೆಯನ್ನು ರೈತ ಮೊಬೈಲಿನಲ್ಲಿ ನೋಡುತ್ತಾನೆ. ಅದೇ ರೈತ ತನ್ನ ಟಗರನ್ನು ಮಾರುವಾಗ ಟವೆಲ್ಲಿನ ಅಡಿ ಕೈಕೊಟ್ಟು ನಿಲ್ಲುತ್ತಾನೆ.

ತೂಕದ ಕಾಟಾ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಂದಾಜಿನ ವ್ಯಾಪಾರದಲ್ಲಿ ಗೆಲ್ಲುವುದು ದಿನಾ ಪ್ರಾಣಿ ಕಡಿದು ತೂಗುವವನ ಕಣ್ಣು, ವರ್ಷಕ್ಕೆ ನಾಲ್ಕು ಮರಿ ಮಾರುವವನ ಕಣ್ಣಲ್ಲ. ನಮ್ಮ ನಾಡಕುರಿಯ ಜೀವಂತ ತೂಕದಲ್ಲಿ ಸುಮಾರು ಶೇ 45ರಿಂದ 50ರಷ್ಟು ಮಾಂಸ ಬರುತ್ತದೆ. ಇಷ್ಟು ಗೊತ್ತಿದ್ದು ಕಾಟಾ ಎದುರಿಗಿದ್ದರೆ ಊರಿನ ಮಟನ್ ಅಂಗಡಿಯ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತನ್ನ ಮರಿಯ ಬೆಲೆಯನ್ನು ಯಾರು ಬೇಕಾದರೂ ತಿಳಿಯಬಹುದು. ತೂಕ ಬಂದರೆ ಉಪ್ಪು ನೆಕ್ಕಿಸಿ ನೀರು ಕುಡಿಸಿ ತರುವ ಮೋಸ ಹೆಚ್ಚುತ್ತದೆ ಎಂಬ ವಾದವಿದೆ. ಆ ಮೋಸ ಈಗಲೂ ಇದೆ, ಉಬ್ಬಿದ ಹೊಟ್ಟೆ ಕಣ್ಣನ್ನೂ ಮೋಸಗೊಳಿಸುತ್ತದೆ. ಸಾಕುವುದಕ್ಕೆ ಕೊಳ್ಳುವ ಹೆಣ್ಣುಕುರಿಗೆ, ಬಿತ್ತನೆ ಟಗರಿಗೆ ತೂಕ ಸಾಲದು ಎಂಬುದನ್ನು ಮಾತ್ರ ಒಪ್ಪುತ್ತೇನೆ. ಅಲ್ಲಿ ಅಂಗೈಯೇ ಬೇಕು.

ಕಾಟಾ, ಪರಿಶೀಲಕರು ಬರುವ ತನಕ ಹುಡುಗರು ಕಾಯಬೇಕಿಲ್ಲ. ಈ ಪ್ರಕಾರದಲ್ಲೇ ಅಲ್ಲೊಂದು ಇಲ್ಲೊಂದು ಒಳ್ಳೆಯ ವಿಡಿಯೊ ಇದೆ. ಅಂಥದರಲ್ಲಿ ಹತ್ತು ಜನರ ಹೇಳುವ ರೇಟು ಕೇಳುವ ಬದಲು ಒಂದೇ ವ್ಯಾಪಾರದ ಜೊತೆ ಕ್ಯಾಮೆರಾ ಕೊನೆತನಕ ನಿಲ್ಲುತ್ತದೆ: ಬಾಯಿ ಬಿಡಿಸಿದ್ದು, ಬೆನ್ನು ಒತ್ತಿದ್ದು, ಮುನಿಸಿಕೊಂಡು ಹೋದವನು ತಿರುಗಿ ಬಂದದ್ದು, ಕೊನೆಗೆ ನೋಟು ಎಣಿಸಿದ್ದು ಅಥವಾ ಫೋನ್‌ಪೇ ಸದ್ದು ಮಾಡಿದ್ದು. ಹಾಗೆ ನಿಂತಾಗ ಅಲ್ಲಿ ಸಿಗುವುದು ಕೊಟ್ಟ ರೇಟು, ಯಾಕೆ ಅಷ್ಟಕ್ಕೆ ಕೊಟ್ಟ ಎಂಬುದರ ಸಮೇತ. ಮಾರುವವನ ಒಪ್ಪಿಗೆ ಪಡೆದು ತೆಗೆಯಬೇಕು, ಮನೆಯ ಕಷ್ಟಕ್ಕೆ ಮಾರಲು ಬಂದವನ ಮುಖ ತೋರಿಸಬಾರದು ಎಂಬ ವಿವೇಕವೂ ಜೊತೆಗಿರಬೇಕು. ಹಲ್ಲೆಷ್ಟು, ತೂಕವೆಷ್ಟು, ಲಸಿಕೆ ಆಗಿದೆಯೇ, ಯಾವ ದಿನ ತೆಗೆದದ್ದು ಎಂಬ ನಾಲ್ಕು ಮಾತು ಪರದೆಯ ಮೇಲೆ ಬರೆದರೆ ಸಾಕು. ಬಕ್ರೀದ್ ಹಿಂದಿನ ವಾರ ತೆಗೆದ ವಿಡಿಯೊ ನಾಲ್ಕು ತಿಂಗಳಾದ ಮೇಲೂ ‘ಇವತ್ತಿನ ರೇಟು’ ಎಂಬ ಹೆಸರಿನಲ್ಲೇ ತಿರುಗುತ್ತಿರುತ್ತದೆ. ಹಬ್ಬದ ಬೆಲೆ ನಂಬಿ ಸಾಲ ತೆಗೆದು ಮರಿ ತುಂಬಿಕೊಳ್ಳಲು ಹೊರಟವನನ್ನು ಆ ಒಂದು ದಿನಾಂಕವಾದರೂ ತಡೆದು ನಿಲ್ಲಿಸಬಹುದು.